ಬೆಳ್ಳಿಯಮ್ಮನ ಮನೆಗೆ ಬಂದ ಸೀರು

ಕುಪ್ಪಸಾಮಿ ಅವತ್ತು ತಲೆಯಾಡಿಸಬಾರದಿತ್ತು. ಬಾಯಿ ಬಿಟ್ಟು ಸುಳ್ಳು ಹೇಳುವ ಧೈರ್ಯ ಅವನಿಗೆ ಅಲ್ಲಿಯವರೆಗೆ ಇರಲಿಲ್ಲ. ಆದರೆ ತಲೆಯಾಡಿಸುವುದಕ್ಕೆ ಧೈರ್ಯ ಬೇಕಿಲ್ಲವಲ್ಲ. ಎಂಬತ್ತಾರನೆಯ ಇಸವಿಯ ಮಾರ್ಗಳಿ ತಿಂಗಳಲ್ಲಿ, ಅಂದರೆ ಧನುರ್ಮಾಸದಲ್ಲಿ, ಕೊಯಮತ್ತೂರಿನ ಸಿಂಗಾನಲ್ಲೂರಿನ ಒಂದು ಬೀದಿಯಲ್ಲಿ, ಹಾಡುಹಗಲಲ್ಲಿ ಆಡಿದ ಆ ತಲೆ ಮುಂದೆ ಉಕ್ಕಡದಿಂದ ಮಡತ್ತುಕುಳಂವರೆಗಿನ ಜನರನ್ನೆಲ್ಲ ಎಬ್ಬಿಸಿ ಕೂರಿಸಿತು.

ಕುಪ್ಪಸಾಮಿ ಒಂದು ನೂಲಿನ ಮಿಲ್ಲಿನಲ್ಲಿ ಸ್ಟೋರ್ ಕೀಪರ್. ಪೊಳ್ಳಾಚಿ ಕಡೆಯ ಒಕ್ಕಲು ಮನೆತನದವನು; ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮನುಷ್ಯ ಸಾಧು, ಆದರೆ ರಿಪೇರಿಯ ಹುಚ್ಚು. ಯಾವ ಯಂತ್ರವನ್ನಾದರೂ ಬಿಚ್ಚುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ತಿರುಗಿ ಜೋಡಿಸಿದಾಗ ಮಾತ್ರ ನಾಲ್ಕಾರು ತಿರುಪುಗಳು ಕೈಯಲ್ಲಿ ಉಳಿಯುತ್ತಿದ್ದವು. ಕಂಪನಿಯವರು ಧಾರಾಳಿಗಳು, ಬೇಕಾದ್ದಕ್ಕಿಂತ ಹೆಚ್ಚೇ ಹಾಕಿರುತ್ತಾರೆ ಎನ್ನುವುದು ಅವನ ಸಿದ್ಧಾಂತ. ಹೆಂಡತಿ ಕಮಲಾತಾಳ್ ಈ ಧಾರಾಳವನ್ನೆಲ್ಲ ಒಂದು ಹಾಲಿನಪುಡಿ ಡಬ್ಬದಲ್ಲಿ ತುಂಬಿಟ್ಟಿದ್ದಳು.

ಅವನು ಮಿಲ್ಲಿಗೆ ಸೇರಿದ ಹೊಸದರಲ್ಲಿ ಆಫೀಸರುಗಳ ಕ್ಲಬ್ಬಿಗೆ ಟೀ ಕೊಂಡೊಯ್ಯುವ ಕೆಲಸವಿತ್ತು. ಅಲ್ಲಿ ಗಾಜಿನ ಮುಚ್ಚಳದ ಒಂದು ಉದ್ದನೆಯ ಪೆಟ್ಟಿಗೆ ನಾಲ್ಕು ಕಾಲಿನ ಮೇಲೆ ನಿಂತಿರುತ್ತಿತ್ತು. ಹಿಡಿಯನ್ನೆಳೆದು ಬಿಟ್ಟರೆ ಉಕ್ಕಿನ ಚೆಂಡೊಂದು ಮೇಲಕ್ಕೆ ಓಡುವುದು, ಅಣಬೆಯಂಥ ಕಂಬಗಳಿಗೆ ಬಡಿದು ಗಂಟೆ ಬಾರಿಸುವುದು, ದೀಪ ಹೊತ್ತಿಸುವುದು. ಕೆಳಗೆ ಬಿದ್ದುಹೋಗುವ ಮೊದಲು ಎರಡು ರೆಕ್ಕೆಗಳಿಂದ ಅದನ್ನು ತಿರುಗಿ ಮೇಲಕ್ಕೆ ಒದೆಯಬೇಕು. ಪಿನ್‌ಬಾಲ್ ಎನ್ನುತ್ತಿದ್ದರು. ಒಮ್ಮೆ ಕುಪ್ಪಸಾಮಿ ರೆಕ್ಕೆ ಆಡಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಕ್ಲಬ್ಬಿನ ಬಟ್ಲರು ಆ ಬೆರಳನ್ನು ಎರಡು ಬೆರಳಲ್ಲಿ ಎತ್ತಿ, ನೊಣ ತೆಗೆದಂತೆ ತೆಗೆದಿದ್ದ. ಇಪ್ಪತ್ತೈದು ವರ್ಷ ಕಳೆದರೂ ಆ ಬೆರಳಿನ ಉರಿ ಆರಿರಲಿಲ್ಲ. ಈಗ ಕ್ಲಬ್ಬಿನ ಕಟ್ಟಡ ಕೆಡವುತ್ತಾರೆ, ಗೋಡೌನಿನಲ್ಲಿ ಇಲಿಗಳ ಸಂಸಾರ ಹೊತ್ತು ಬಿದ್ದಿರುವ ಆ ಪೆಟ್ಟಿಗೆ ಬೇಕಾದವರು ಒಯ್ಯಬಹುದು ಎಂದು ಮ್ಯಾನೇಜರು ಹೇಳಿ ಮುಗಿಸುವುದರೊಳಗೆ ಕುಪ್ಪಸಾಮಿ ವ್ಯಾನು ತರಿಸಿದ್ದ.

ಧೂಳು ಕೂರದಿರಲೆಂದು ಮಿಲ್ಲಿನ ಹೊಸ ಬಿಳಿ ಬಟ್ಟೆ ಸುತ್ತಿದ್ದ. ನಾಲ್ಕು ಜನ ಅದನ್ನು ಇಳಿಸುತ್ತಿದ್ದಾಗ ಎದುರುಮನೆಯ ಕಾಮಾಕ್ಷಿಯಮ್ಮ ಅಕ್ಕಿ ಆರಿಸುವ ಮೊರವನ್ನು ಕೆಳಗಿಟ್ಟು ಎದ್ದುಬಂದು ಕೇಳಿದರು.

“ಸೀರುಂಗಳಾ?”

ನಲವತ್ತನಾಲ್ಕು ವರ್ಷದ ಗೃಹಸ್ಥ, ಆಡುವುದಕ್ಕೆ ಚೆಂಡಿನ ಪೆಟ್ಟಿಗೆ ತಂದೆ ಎಂದು ಎದುರುಮನೆಯ ಹೆಂಗಸಿಗೆ ಹೇಗೆ ಹೇಳುತ್ತಾನೆ? ತಲೆಯಾಡಿಸಿದ.

ಸೀರೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಅಕ್ಕತಂಗಿಯರ ಮಗಳ ಮದುವೆಗೆ ಸೋದರಮಾವ ಮೇಳದೊಂದಿಗೆ ಹೊರಿಸಿಕೊಂಡು ಬರುವ ಉಡುಗೊರೆ ಅದು. ಅದರ ತೂಕ ನೋಡಿಯೇ ಹೆಣ್ಣಿನ ತಾಯಿಯ ತವರಿನ ತೂಕ ಹೇಳುತ್ತಾರೆ. ಕುಪ್ಪಸಾಮಿಯ ತಂಗಿ ಅಂಗಮ್ಮನನ್ನು ಮಡತ್ತುಕುಳದ ದೇವರಾಜನ್‌ಗೆ ಕೊಟ್ಟಿತ್ತು. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಅವಳ ಮಗಳು ಸಾಂತಿಯ ಮದುವೆ. ಅಂಗಮ್ಮನ ಅತ್ತೆ ಬೆಳ್ಳಿಯಮ್ಮ ಇಪ್ಪತ್ತೆರಡು ವರ್ಷದಿಂದ ಒಂದೇ ಮಾತಿನಲ್ಲಿ ಸೊಸೆಯ ಬಾಯಿ ಮುಚ್ಚಿಸುತ್ತಿದ್ದಳು. ಆ ಮಾತು “ಗಡಿಯಾರ.” ಅಂಗಮ್ಮನ ಮದುವೆಯಲ್ಲಿ ತವರಿನಿಂದ ಒಂದು ಗೋಡೆ ಗಡಿಯಾರ ಹೋಗಿತ್ತು. ಹಿಂದಿನ ದಿನ ಕುಪ್ಪಸಾಮಿ ಅದಕ್ಕೆ ಎಣ್ಣೆ ಬಿಡಲೆಂದು ಬಿಚ್ಚಿದ್ದ. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಅದು ಹದಿನಾಲ್ಕು ಬಾರಿ ಹೊಡೆದು, ಪುರೋಹಿತರು ಮಂತ್ರ ತಪ್ಪಿ ಮೊದಲಿನಿಂದ ಶುರುಮಾಡಬೇಕಾಯಿತು. ಅಂಗಮ್ಮ ಸಾರಿಗೆ ಉಪ್ಪು ಹೆಚ್ಚು ಹಾಕಿದರೂ ಗಡಿಯಾರ, ಹಸು ಹಾಲು ಕಡಿಮೆ ಕೊಟ್ಟರೂ ಗಡಿಯಾರ.

ಕಾಮಾಕ್ಷಿಯಮ್ಮನ ತಮ್ಮ ಜಯರಾಮನ್ ಕೊಯಮತ್ತೂರು–ಪಳನಿ ಬಸ್ಸಿನ ಕಂಡಕ್ಟರು. ಸುದ್ದಿ ಆ ಬಸ್ಸಿನಲ್ಲಿ ಕೂತಿತು. ಉಕ್ಕಡದಲ್ಲಿ ಹತ್ತುವಾಗ ಅದು ಕನ್ನಡಿ ಇರುವ ಸ್ಟೀಲ್ ಬೀರು. ಪೊಳ್ಳಾಚಿಯಲ್ಲಿ ಬೀರುವಿನೊಳಗೆ ದೀಪ ಹತ್ತಿತು. ಉಡುಮಲೆಯಲ್ಲಿ ಅದು ಹಡಗಿನಲ್ಲಿ ಬಂದದ್ದಾಯಿತು. ಮಡತ್ತುಕುಳದಲ್ಲಿ ಇಳಿಯುವ ಹೊತ್ತಿಗೆ, ಬಾಗಿಲು ತೆರೆದರೆ ಒಳಗಿಂದ ಸಂಗೀತ ಬರುವ, ಜಿಲ್ಲೆಯಲ್ಲಿ ಎರಡನೆಯದಿಲ್ಲದ ಫಾರಿನ್ ಬೀರುವಾಗಿತ್ತು.

ನಾಲ್ಕನೆಯ ದಿನ ಅಂಗಮ್ಮನ ಕಾಗದ ಬಂತು. ಅವರ ಮನೆಯಲ್ಲಿ ಯಾರಿಗೂ ಕನ್ನಡ ಅಕ್ಷರ ಬಾರದು. ಕನ್ನಡವನ್ನೇ ತಮಿಳು ಅಕ್ಷರದಲ್ಲಿ ಬರೆಯುವುದು ರೂಢಿ. ಕಮಲಾತಾಳ್ ಗಟ್ಟಿಯಾಗಿ ಓದಿದಳು.

“ಅಣ್ಣಾ, ನೀ ಏನೋ ದೊಡ್ಡ ಸಾಮಾನು ತಂದು ಮಡಗಿದ್ದೀಯಂತೆ. ನೆನ್ನೆ ನಮ್ಮತ್ತೆ ನಾಕು ಜನ ಕೇಳೋ ಹಂಗೆ ‘ನಮ್ಮ ಸೊಸೆ ಅಣ್ಣ’ ಅಂದ್ರು. ಇಷ್ಟು ವರುಸದಲ್ಲಿ ಆ ಬಾಯಲ್ಲಿ ಆ ಮಾತು ನಾ ಕೇಳಿರಲಿಲ್ಲ. ಹಿತ್ತಲಿಗೆ ಹೋಗಿ ಅತ್ತುಬುಟ್ಟೆ. ಈ ಸಲ ಏನಾರಾ ಕೆಟ್ಟರೆ ನಾ ಈ ಮನೇಲಿ ತಲೆ ಎತ್ತಾಕ್ಕಾಗಲ್ಲ ಅಣ್ಣಾ.”

ಕುಪ್ಪಸಾಮಿಗೂ ಕಣ್ಣು ತುಂಬಿತು. ಕಮಲಾತಾಳ್ ಕಾಗದ ಮಡಿಚಿ, ಪಡಸಾಲೆಯ ತುಂಬ ಕಾಲು ಚಾಚಿ ಮಲಗಿದ್ದ ಪೆಟ್ಟಿಗೆಯನ್ನೂ ಅದರಿಂದ ಹೊರಬೀಳುತ್ತಿದ್ದ ಹತ್ತಿ ಕಸವನ್ನೂ ನೋಡಿದಳು. ಅವಳು ಸೀರಿಗೆಂದು ಹಿತ್ತಾಳೆ ಕೊಡ, ಅಂಡೆ, ಪಟ್ಟೆ ಸೀರೆ ಎಲ್ಲವನ್ನೂ ಆಗಲೇ ತಂದಿಟ್ಟಿದ್ದಳು. ಫಾರಿನ್ ಬೀರುವಿನ ಸುದ್ದಿಯ ಮುಂದೆ ಇವು ಯಾರ ಕಣ್ಣಿಗೂ ಬೀಳವು.

“ಏನುಂಗ, ಒಂದು ಗಡಿಯಾರ ಸಾಕಾಗಲಿಲ್ಲವಾ?” ಎಂದಳು.

ನಿಜ ಹೇಳಿಬಿಡುವುದೆಂದು ಕುಪ್ಪಸಾಮಿ ಮರುದಿನವೇ ಉಕ್ಕಡದಲ್ಲಿ ಬಸ್ಸು ಹತ್ತಿದ. ದುರದೃಷ್ಟಕ್ಕೆ ಅದು ಜಯರಾಮನ್ ಬಸ್ಸು. ಅವನು ಮುಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿ ಕುಪ್ಪಸಾಮಿಯನ್ನು ಕೂರಿಸಿದ. ಸೋದರಮಾವನೆಂದರೆ ಹೀಗಿರಬೇಕೆಂದು ಬಸ್ಸಿಗೆಲ್ಲ ಸಾರಿದ. ಹೆಂಗಸರು ತಿರುಗಿ ತಿರುಗಿ ನೋಡಿದರು. ಒಬ್ಬ ಮುದುಕ ತನ್ನ ಮೂವರು ಭಾವಮೈದುನರನ್ನೂ ಹೆಸರು ಹಿಡಿದು ಬೈದು, ಕುಪ್ಪಸಾಮಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಕುಪ್ಪಸಾಮಿ ಪೊಳ್ಳಾಚಿಯಲ್ಲೇ ಇಳಿದು, ಒಂದು ಟೀ ಕುಡಿದು, ಬೇರೆ ಬಸ್ಸಿನಲ್ಲಿ ಮನೆಗೆ ವಾಪಸಾದ.

ಇನ್ನು ಉಳಿದದ್ದು ಒಂದೇ ದಾರಿ. ಪೆಟ್ಟಿಗೆ ಬೀರುವಾಗುವುದು ಸಾಧ್ಯವಿಲ್ಲ. ಆದರೆ ಅದು ಓಡಿದರೆ ಕಸವೆಂದು ಯಾರೂ ಹೇಳಲಾರರು. ಕುಪ್ಪಸಾಮಿ ಇಲಿಗಳನ್ನು ಒಕ್ಕಲೆಬ್ಬಿಸಿ, ಕಾಲು ಜೋಡಿಸಿ, ದೇವರಿಗೆ ಕೈ ಮುಗಿದು, ಪ್ಲಗ್ಗು ಚುಚ್ಚಿದ. ದೀಪಾವಳಿಯ ಪಟಾಕಿಯಷ್ಟು ಸದ್ದಾಗಿ ಇಡೀ ಬೀದಿಯ ಕರೆಂಟು ಹೋಯಿತು.

ಅರ್ಧ ಗಂಟೆಯಲ್ಲಿ ವಿದ್ಯುತ್ ಇಲಾಖೆಯ ಲೈನ್ ಇನ್ಸ್‌ಪೆಕ್ಟರ್ ಕರುಪ್ಪುಸಾಮಿ ಬಂದರು. ಬೀದಿಯವರೆಲ್ಲ ಕೈ ತೋರಿಸಿದ ಮನೆಗೆ ನುಗ್ಗಿ, ನೋಟೀಸು ಬರೆಯಲು ಶುರುಮಾಡಿದರು. ಯಂತ್ರದ ವಿವರ ಎಂಬ ಕಡೆಗೆ ಬಂದಾಗ ಪೆನ್ನು ನಿಂತಿತು. ಬಗ್ಗಿ ನೋಡಿದರು. ಹಿಂಬದಿಯ ತಗಡಿನ ಮೇಲೆ ನೂರಹತ್ತು ವೋಲ್ಟ್ ಎಂದಿತ್ತು. ಇದು ಅಮೆರಿಕದ ಕರೆಂಟು ಕುಡಿದು ಬೆಳೆದದ್ದು, ನಮ್ಮ ಕರೆಂಟು ಅದಕ್ಕೆ ಎರಡರಷ್ಟು, ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಡದೆ ಕೊಟ್ಟರೆ ಸಾಯದೆ ಏನು ಮಾಡುತ್ತದೆ ಎಂದು ಬೈದರು. ಬೈಯುತ್ತಲೇ ಹಿಡಿಯನ್ನೊಮ್ಮೆ ಎಳೆದುಬಿಟ್ಟರು. ಸ್ಪ್ರಿಂಗು ಟಣ್ಣೆಂದಿತು. ಇನ್ನೊಮ್ಮೆ ಎಳೆದರು. ಆಮೇಲೆ ಅರ್ಧ ಬರೆದ ನೋಟೀಸನ್ನು ನಾಲ್ಕಾಗಿ ಮಡಿಚಿ ಒಂದು ಕಾಲಿನ ಕೆಳಗೆ ತುರುಕಿ ಪೆಟ್ಟಿಗೆಯ ಅಲುಗಾಟ ನಿಲ್ಲಿಸಿದರು. ನಾಳೆ ಡ್ಯೂಟಿ ಮುಗಿಸಿ ಬರುತ್ತೇನೆ, ಅಲ್ಲಿಯವರೆಗೆ ಏನನ್ನೂ ಬಿಚ್ಚಬಾರದು ಎಂದು ಸರ್ಕಾರದ ಪರವಾಗಿ ಎಚ್ಚರಿಕೆ ಕೊಟ್ಟು ಹೋದರು.

ಒಳಗೆ ತಂತಿ ಸುತ್ತಿದ ಏಳು ಕಾಯಿಲುಗಳು ಸುಟ್ಟಿದ್ದವು. ಊರ ತುಂಬ ಪಂಪುಸೆಟ್ಟಿನ ಮೋಟಾರು ಮಾಡುವ ಕೊಯಮತ್ತೂರಿನಲ್ಲಿ ಕಾಯಿಲು ಸುತ್ತುವವರಿಗೆ ಬರವಿಲ್ಲ. ಗಣಪತಿ ಎಂಬ ಬಡಾವಣೆಯ ಒಂದು ಶೆಡ್ಡಿನಲ್ಲಿ ಪಾಪಾತಿ ಎಂಬ ಹೆಂಗಸು ಇಪ್ಪತ್ತು ವರ್ಷದಿಂದ ತಾಮ್ರದ ತಂತಿ ಸುತ್ತುತ್ತಿದ್ದಳು. ಸುತ್ತು ಎಣಿಸುತ್ತಲೇ ಪಕ್ಕದವಳೊಂದಿಗೆ ಜಗಳವಾಡಬಲ್ಲಳು, ಲೆಕ್ಕ ತಪ್ಪುತ್ತಿರಲಿಲ್ಲ. ಎಷ್ಟು ಹಾರ್ಸ್ ಪವರ್ ಎಂದು ಕೇಳಿದಳು. ಆಟದ ಸಾಮಾನೆಂದು ಹೇಳಲು ನಾಚಿ ಕುಪ್ಪಸಾಮಿ ಒಂದೂವರೆ ಎಂದ. ಬಾವಿಗಿಳಿಸುವ ಮೋಟಾರೆಂದು ತಿಳಿದು ಪಾಪಾತಿ ದಪ್ಪ ತಂತಿ ಹಾಕಿ ನಿಷ್ಠೆಯಿಂದ ಸುತ್ತಿಕೊಟ್ಟಳು.

ಮೊದಲ ಪರೀಕ್ಷೆ ಭಾನುವಾರ ಬೆಳಿಗ್ಗೆ ನಡೆಯಿತು. ಚೆಂಡು ಕಳೆದುಹೋಗಿದ್ದರಿಂದ ಮಿಲ್ಲಿನ ಸವೆದ ಬೇರಿಂಗಿನ ದೊಡ್ಡ ಗುಂಡು ಹಾಕಿದ್ದರು. ಗಾಜು ಇನ್ನೂ ಕೂರಿಸಿರಲಿಲ್ಲ. ಗುಂಡು ಉರುಳಿ ರೆಕ್ಕೆಯ ಮೇಲೆ ಬಂತು, ಕುಪ್ಪಸಾಮಿ ಗುಂಡಿ ಒತ್ತಿದ. ಮುಂದಿನದನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಎದುರುಮನೆಯಲ್ಲಿ ಏನೋ ಬಿದ್ದ ಸದ್ದು ಮಾತ್ರ ಕೇಳಿತು. ಸ್ವಲ್ಪ ಹೊತ್ತಿಗೆ ಕಾಮಾಕ್ಷಿಯಮ್ಮ ಇಡ್ಲಿ ಹಿಟ್ಟಿನ ಪಾತ್ರೆಯಲ್ಲಿ ಸಿಕ್ಕ ಗುಂಡನ್ನು ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದರು. ಇದು ಬೀರುವಿನ ಯಾವ ಭಾಗವೆಂದು ಕೇಳಿದರು. ಬೀಗದ್ದು ಎಂದ ಕುಪ್ಪಸಾಮಿ. ಫಾರಿನ್ ಬೀಗಗಳಿಗೆ ಇಷ್ಟು ಜೋರಿದ್ದರೆ ಕಳ್ಳರು ಹೆದರದೆ ಇರುತ್ತಾರೆಯೇ ಎಂದು ಅವರು ಮೆಚ್ಚಿಕೊಂಡು ಹೋದರು.

ಪಾಪಾತಿಗೆ ಕೊನೆಗೂ ನಿಜ ಹೇಳಬೇಕಾಯಿತು. ಅವಳು ನಗು ತಡೆಯಲಾರದೆ ಶೆಡ್ಡಿನ ನೆಲದ ಮೇಲೆ ಕೂತುಬಿಟ್ಟಳು. ಎದ್ದವಳು ತೆಳು ತಂತಿಯ ಉಂಡೆ ಹಿಡಿದು ತಾನೇ ಮನೆಗೆ ಬಂದು, ಏಳೂ ಕಾಯಿಲನ್ನು ಬೇರೆ ಸುತ್ತಿ, ಒಂದು ಟ್ರಾನ್ಸ್‌ಫಾರ್ಮರನ್ನೂ ಸುತ್ತಿಕೊಟ್ಟಳು. ಕರುಪ್ಪುಸಾಮಿ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಬೆಸೆದರು. ಕೊಳೆತುಹೋಗಿದ್ದ ರಬ್ಬರಿನ ಬದಲು ಮಿಲ್ಲಿನ ಯಂತ್ರದ ರಬ್ಬರು ಬಂತು. ಕಾಲುಗಳನ್ನು ಕಮಲಾತಾಳ್ ಬೂದಿ, ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗಿದಳು. ಕುಪ್ಪಸಾಮಿಗೆ ಬಿಚ್ಚುವ ಕೆಲಸ ಮಾತ್ರ ಕೊಟ್ಟಿದ್ದರು. ಅವನು ಅದನ್ನು ಅದ್ಭುತವಾಗಿ ಮಾಡಿದ. ಮೂರು ವಾರದಲ್ಲಿ ಅಮೆರಿಕದ ಪೆಟ್ಟಿಗೆ ಒಳಗೆಲ್ಲ ಕೊಯಮತ್ತೂರಿನದಾಯಿತು.

ಮೊದಲ ಬಾರಿ ಗಂಟೆ ಬಾರಿಸಿ ದೀಪ ಓಡಾಡಿದಾಗ ಕಮಲಾತಾಳ್ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಎಡಗಡೆಯ ರೆಕ್ಕೆ ಆಡಿಸಿದಳು, ಬಲಗಡೆಯದು ಆಡಿಸಿದಳು. ಒಲೆಯ ಮೇಲಿನ ದೋಸೆ ಕರಿಕಲಾಯಿತು, ಅವಳು ಕದಲಲಿಲ್ಲ. ಸಾಕಷ್ಟು ಆಡಿದ ಮೇಲೆ ಅವಳ ಗಮನ ಪೆಟ್ಟಿಗೆಯ ತಲೆಯಲ್ಲಿ, ಗೆದ್ದ ಅಂಕಿಗಳ ಸುತ್ತ ಇದ್ದ ಗಾಜಿನ ಚಿತ್ರದ ಮೇಲೆ ಹರಿಯಿತು. ಅಲ್ಲಿ ದೊಡ್ಡ ಟೋಪಿಯ ಬಿಳಿ ಹೆಂಗಸೊಬ್ಬಳು, ಮೈಮೇಲೆ ಇರಬೇಕಾದಷ್ಟು ಬಟ್ಟೆಯಿಲ್ಲದೆ, ಕುದುರೆಗೆ ಒರಗಿ ನಿಂತಿದ್ದಳು. ಇವಳನ್ನು ಹೀಗೆ ಸಂಬಂಧಿಕರ ಮನೆಗೆ ಕಳಿಸಲು ಸಾಧ್ಯವಿಲ್ಲವೆಂದು ಕಮಲಾತಾಳ್ ತೀರ್ಮಾನಿಸಿದಳು. ಎನಾಮಲ್ ಬಣ್ಣ ತರಿಸಿ, ಗಾಜಿನ ಮೇಲೆಯೇ ಎರಡು ದಿನ ಕೂತು, ಅವಳಿಗೆ ಉದ್ದ ತೋಳಿನ ರವಿಕೆ ತೊಡಿಸಿ, ಜರಿಯಂಚಿನ ಹಸಿರು ಸೀರೆ ಉಡಿಸಿ, ಹಣೆಗೆ ಬೊಟ್ಟಿಟ್ಟಳು. ಟೋಪಿಯ ಸುತ್ತ ಮಲ್ಲಿಗೆ ಮುಡಿಸಿದಳು. ಈಗ ಆಕೆ ಯಾವ ಮದುವೆಗಾದರೂ ಹೋಗಬಹುದಾಗಿತ್ತು.

ಸೀರಿನ ದಿನ ಮಡತ್ತುಕುಳದಲ್ಲಿ ನಾದಸ್ವರ, ಡೋಲು ಮುಂದೆ. ತಟ್ಟೆ ಹೊತ್ತ ಹೆಂಗಸರು ಹಿಂದೆ. ಕಮಲಾತಾಳ್ ತಂದ ಹಿತ್ತಾಳೆ ಪಾತ್ರೆಗಳು ಅವರ ತಲೆಯ ಮೇಲೆ. ಕೊನೆಯಲ್ಲಿ ರೇಷ್ಮೆ ವಸ್ತ್ರ ಹೊದಿಸಿದ ಪೆಟ್ಟಿಗೆಯನ್ನು ಆರು ಜನ ಹೊತ್ತಿದ್ದರು. ಜಯರಾಮನ್ ರಜೆ ಹಾಕಿ ಬಂದು ದಾರಿ ಬಿಡಿಸುತ್ತಿದ್ದ. ಕರುಪ್ಪುಸಾಮಿ, ಪಾಪಾತಿ ಇಬ್ಬರೂ ಮದುವೆಗೆ ಬಂದವರ ಗತ್ತಿನಲ್ಲಿ ಜೊತೆಗಿದ್ದರು. ಅಂಗಳದಲ್ಲಿ ಗಂಡಿನ ತಂದೆ, ಪೊಳ್ಳಾಚಿಯ ಬೆಲ್ಲದ ವ್ಯಾಪಾರಿ ಪಳನಿಸಾಮಿ ಬಳಗದೊಂದಿಗೆ ಕೂತಿದ್ದರು. ಜಗಲಿಯ ಮೇಲೆ ಬೆಳ್ಳಿಯಮ್ಮ. ಬಾಗಿಲ ಹಿಂದೆ ಅಂಗಮ್ಮ.

ವಸ್ತ್ರ ತೆಗೆದರು. ಡೋಲಿನವನು ಕೂಡ ಬಾರಿಸುವುದನ್ನು ಮರೆತ.

ಸೀರೆಗಳನ್ನು ಇದರೊಳಗೆ ಎಲ್ಲಿ ಇಡುವುದೆಂದು ಒಬ್ಬಳು ಮೆಲ್ಲಗೆ ಕೇಳಿದಳು. ಇದು ಊಟದ ಮೇಜು, ನೊಣ ಕೂರದಂತೆ ಗಾಜು ಮುಚ್ಚಿದ್ದಾರೆ ಎಂದು ಇನ್ನೊಬ್ಬ ವಿವರಿಸಿದ. ಹಸಿರು ಸೀರೆಯ ಹೆಂಗಸನ್ನು ಕಂಡು, ಯಾವುದೋ ಊರಿನ ಅಮ್ಮನವರಿರಬೇಕೆಂದು ಒಬ್ಬ ಮುದುಕಿ ಕೆನ್ನೆ ಬಡಿದುಕೊಂಡಳು. ಬೆಳ್ಳಿಯಮ್ಮ ಮಾತ್ರ, ಇದು ಏನು ಮಾಡುತ್ತದೆ ಎಂದು ನೇರವಾಗಿ ಕೇಳಿದಳು.

ಕುಪ್ಪಸಾಮಿ ಪ್ಲಗ್ಗು ಚುಚ್ಚಿದ. ದೀಪಗಳು ಕೆಂಪಗೆ ಕಣ್ಣು ಬಿಟ್ಟವು, ಅಷ್ಟೇ. ಗುಂಡಿ ಒತ್ತಿದ. ರೆಕ್ಕೆ ಅರ್ಧ ಎದ್ದು, ಯೋಚಿಸಿ, ಮತ್ತೆ ಮಲಗಿತು. ಚೆಂಡು ಅದರ ಪಕ್ಕದಲ್ಲೇ ಉರುಳಿ ಬಿಲಕ್ಕೆ ಬಿತ್ತು. ಅಂಗಳದಲ್ಲಿ ಯಾರೋ ನಕ್ಕರು.

“ಗಡಿಯಾರ,” ಎಂದಳು ಬೆಳ್ಳಿಯಮ್ಮ.

ಬಾಗಿಲ ಹಿಂದೆ ಅಂಗಮ್ಮನ ಮುಖ ಕಾಣದಾಯಿತು. ಕುಪ್ಪಸಾಮಿ ಅದನ್ನು ನೋಡಿದ.

ಕರುಪ್ಪುಸಾಮಿ ಮೀಟರು ಹಚ್ಚಿ ನೋಡಿದರು. ಇನ್ನೂರಮೂವತ್ತು ಬರಬೇಕಾದಲ್ಲಿ ನೂರೈವತ್ತು ಬರುತ್ತಿತ್ತು. ಹೊಲಗಳಿಗೆ ಕರೆಂಟು ಬಿಡುವ ಹೊತ್ತು ಅದು. ಸುತ್ತ ಹನ್ನೊಂದು ಬಾವಿಯ ಮೋಟಾರುಗಳು ಒಟ್ಟಿಗೆ ಕಬ್ಬಿಗೆ ನೀರೆತ್ತುತ್ತಿದ್ದವು. ಅವು ನಿಂತರೆ ಇದು ಏಳುತ್ತದೆ ಎಂದರು. ಅಂಗಳದವರು ಅವರನ್ನು ಹುಚ್ಚರನ್ನು ನೋಡಿದಂತೆ ನೋಡಿದರು. ಕರೆಂಟು ಇರುವ ಹೊತ್ತಿನಲ್ಲಿ ಮೋಟಾರು ನಿಲ್ಲಿಸುವ ಒಕ್ಕಲಿಗ ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆಗ ಕುಪ್ಪಸಾಮಿ ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಜಗಲಿಯ ಮುಂದೆ ಹೋಗಿ ನಿಂತು ಬಾಯಿ ಬಿಟ್ಟ.

“ಅಮ್ಮಾ, ಇದು ಬೀರುವಲ್ಲ. ಆಟದ ಸಾಮಾನು. ಕೇಳಿದಾಗ ನಾಚಿಕೊಂಡು ತಲೆಯಾಡಿಸಿಬುಟ್ಟೆ. ಆ ಗಡಿಯಾರ ಕೆಡಿಸಿದ್ದೂ ನಾನೇ. ತಪ್ಪು ನಂದು, ಮಾತು ಕೇಳಿದ್ದು ನನ್ನ ತಂಗಿ. ಒಂದು ಅರ್ಧ ಗಂಟೆ ಮೋಟ್ರು ನಿಲ್ಸಿ. ಆಗಲೂ ಇದು ಓಡದಿದ್ರೆ ನಾನೇ ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ. ಆದ್ರೆ ಅವಳನ್ನ ಇನ್ನು ಏನೂ ಅನ್ನಬೇಡಿ.”

ಬೆಳ್ಳಿಯಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಎಲೆಯಡಿಕೆ ಉಗುಳಿ ಬಂದು, ಮಗನ ಕಡೆ ತಿರುಗಿದಳು.

“ದೇವರಾಜಾ, ನಮ್ಮ ಮೋಟ್ರು ನಿಲ್ಸು.”

ಬೆಳ್ಳಿಯಮ್ಮನ ಮೋಟಾರು ನಿಂತ ಮೇಲೆ ಬೇರೆಯವರದು ಓಡಿದರೆ ಮರ್ಯಾದೆಯಲ್ಲ. ಒಬ್ಬರ ಹಿಂದೆ ಒಬ್ಬರು ಎದ್ದು ಹೋದರು. ಒಂದು ಮೋಟಾರು ನಿಂತಿತು, ದೀಪ ಹಳದಿಯಾಯಿತು. ಇನ್ನೊಂದು ನಿಂತಿತು, ಸೀರೆಯ ಜರಿಯಂಚು ಕಾಣಿಸಿತು. ಹನ್ನೊಂದನೆಯದು ನಿಂತಾಗ ಹೊಲದ ಕಡೆಯಿಂದ ಗುಬ್ಬಿಗಳ ಸದ್ದು ಕೇಳತೊಡಗಿತು, ಪೆಟ್ಟಿಗೆಯ ಒಳಗೆ ಏನೋ ಗಂಟಲು ಸರಿಪಡಿಸಿಕೊಂಡಿತು, ಹಸಿರು ಸೀರೆಯ ಹೆಂಗಸು ಪೂರ್ತಿ ಬೆಳಗಿದಳು. ಕುಪ್ಪಸಾಮಿ ಹಿಡಿ ಎಳೆದು ಬಿಟ್ಟ.

ಗಂಟೆಗಳು ಒಂದರ ಮೇಲೊಂದು ಮೊಳಗಿದವು. ಡೋಲಿನವನಿಗೆ ತಾಳ ಸಿಕ್ಕಿ ಅವನೂ ಹೊಡೆಯತೊಡಗಿದ. ಕುಪ್ಪಸಾಮಿ ಎಡಕ್ಕೆ ಒದ್ದ, ಬಲಕ್ಕೆ ಒದ್ದ. ಬಟ್ಲರು ಎತ್ತಿಹಾಕಿದ್ದ ಬೆರಳಿಗೆ ಕೊನೆಗೂ ಕೆಲಸ ಸಿಕ್ಕಿತು. ಪಳನಿಸಾಮಿಯವರು ಕುರ್ಚಿಯಿಂದ ಎದ್ದರು. ಪಾಪಾತಿ ಒಂದೊಂದು ಗಂಟೆಗೂ ಅದು ನಾನು ಸುತ್ತಿದ್ದು, ಇದು ನಾನು ಸುತ್ತಿದ್ದು ಎಂದು ಗುರುತು ಹೇಳಿದಳು. ಅಂಗಳಕ್ಕೆ ಅಂಗಳವೇ ಪೆಟ್ಟಿಗೆಯ ಸುತ್ತ ನೆರೆಯಿತು. ನೂಕುನುಗ್ಗಲಾಗದಂತೆ ಜಯರಾಮನ್ ಸೀಟಿ ಊದಿ ಸಾಲು ನಿಲ್ಲಿಸಿದ.

ಬೆಳ್ಳಿಯಮ್ಮ ಜಗಲಿಯಿಂದ ಇಳಿದು ಬಂದಳು. ಸಾಲು ತಾನಾಗಿ ಸರಿಯಿತು. ಮೊದಲ ಚೆಂಡು ಬಿತ್ತು, ಎರಡನೆಯದೂ ಬಿತ್ತು. ಮೂರನೆಯದು ಬಿಲದ ಕಡೆ ಹೊರಟಾಗ ಅವಳು ಮೊಂಡು ಎಮ್ಮೆಗೆ ಹೊಡೆದಂತೆ ಪೆಟ್ಟಿಗೆಯ ಬೆನ್ನಿಗೆ ಒಂದು ಬಿಟ್ಟಳು. ಒಡನೆ ರೆಕ್ಕೆಗಳು ಸತ್ತವು, ದೀಪಗಳು ಆರಿದವು. ಕುಪ್ಪಸಾಮಿ ಕೈ ಕಟ್ಟಿಕೊಂಡು ವಿವರಿಸಿದ: ಒಳಗೊಂದು ಗುಂಡು ನೇತಾಡುತ್ತದೆ, ಯಾರಾದರೂ ಮೈಮೇಲೆ ಕೈ ಮಾಡಿದರೆ ಅದು ಕೆಲಸ ನಿಲ್ಲಿಸಿಬಿಡುತ್ತದೆ, ಹೊಡೆತ ತಿಂದುಕೊಂಡು ಆಡುವ ಜಾತಿಯಲ್ಲ.

ಬೆಳ್ಳಿಯಮ್ಮ ಪೆಟ್ಟಿಗೆಯ ಬೆನ್ನು ಸವರಿದಳು. “ರೋಸ ಐತೆ ಇದಕ್ಕೆ,” ಎಂದಳು. ಮೆಚ್ಚಿ ಹೇಳಿದ ಮಾತು ಅದು. ಆಮೇಲೆ ಮೆತ್ತಗೆ ಆಡಿದಳು.

ಅರ್ಧ ಗಂಟೆ ಎಂದದ್ದು ಎರಡಾಯಿತು. ಕಬ್ಬಿನ ನೆನಪು ಯಾರಿಗೂ ಬರಲಿಲ್ಲ. ಕೊನೆಗೆ ಪಳನಿಸಾಮಿಯವರು ಕೆಮ್ಮಿ, ಇಂಥ ಸೀರು ನಮ್ಮ ಬಳಗದಲ್ಲೇ ಬಂದಿಲ್ಲ, ಮದುವೆಯಾದ ಕೂಡಲೇ ಹುಡುಗಿಯೊಂದಿಗೆ ಇದನ್ನೂ ಪೊಳ್ಳಾಚಿಗೆ ಒಯ್ಯಲು ಲಾರಿ ಕಳಿಸುತ್ತೇನೆ ಎಂದರು. ಬೆಳ್ಳಿಯಮ್ಮ ಪೆಟ್ಟಿಗೆಗೂ ಬೀಗರಿಗೂ ನಡುವೆ ಬಂದು ನಿಂತಳು.

“ಹುಡುಗಿ ಸೀರು ಅಲ್ಲೈತೆ ನೋಡಿ, ಕೊಡ, ಅಂಡೆ, ಪಟ್ಟೆ. ದಂಡಿಯಾಗಿ ತಂದವ್ರೆ, ತಗೊಂಡು ಹೋಗಿ. ಇದು ನನ್ನ ಸೊಸೆ ತವರಿಂದ ಬಂದದ್ದು. ಈ ಮನೆ ಬುಟ್ಟು ಕದಲಲ್ಲ.”

ಸಾಂತಿಗೆ ಸಮಾಧಾನವೇ ಆಯಿತು. ಅತ್ತೆಮನೆಗೆ ಹೋಗುವವಳಿಗೆ ಅಂಡೆಯೇ ಉಪಯೋಗ. ಕಮಲಾತಾಳ್ ತನ್ನ ಪಾತ್ರೆಗಳು ಎಲ್ಲರ ಕಣ್ಣಿಗೆ ಬಿದ್ದುದಕ್ಕೆ ಸೆರಗು ಸರಿಮಾಡಿಕೊಂಡಳು. ಕುಪ್ಪಸಾಮಿ ಮಾತ್ರ ಪೆಟ್ಟಿಗೆಯ ಕಾಲು ಹಿಡಿದು ನಿಂತಿದ್ದ. ಅವನ ಕಣ್ಣಿನಿಂದ ನೀರು ಧಾರಾಳವಾಗಿ ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಬೆಳ್ಳಿಯಮ್ಮ ಬಾಗಿಲ ಕಡೆ ತಿರುಗಿ ಸೊಸೆಯನ್ನು ಕರೆದಳು. ಎಲ್ಲರೂ ಆಡಿದ್ದಾಗಿತ್ತು, ಅಂಗಮ್ಮನೊಬ್ಬಳೇ ಆಡಿರಲಿಲ್ಲ. ಅವಳು ಕೈ ಒರೆಸಿಕೊಂಡು ಬಂದು ನಿಂತಳು. ಅಂಥ ಆಟವನ್ನು ಕರುಪ್ಪುಸಾಮಿಯೂ ಕಂಡಿರಲಿಲ್ಲ. ಮಾತು ಬಂದು ತಾಗುವ ಮೊದಲೇ ಪಕ್ಕಕ್ಕೆ ಸರಿದು ಇಪ್ಪತ್ತೆರಡು ವರ್ಷ ಅಭ್ಯಾಸವಾಗಿದ್ದವಳಿಗೆ ಚೆಂಡು ಯಾವ ಕಡೆ ಬರುತ್ತದೆಂದು ಮೊದಲೇ ತಿಳಿಯುತ್ತಿತ್ತು. ಅಂಕಿಗಳು ಟಕಟಕ ಏರಿದವು. ಎಲ್ಲರೂ ಗಟ್ಟಿಯಾಗಿ ಓದತೊಡಗಿದರು. ಯಂತ್ರದಲ್ಲಿ ನಾಲ್ಕೇ ಅಂಕಿಗಳಿಗೆ ಜಾಗ. ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಾಯಿತು, ಇನ್ನೊಂದು ಗಂಟೆ ಹೊಡೆಯಿತು, ನಾಲ್ಕೂ ಚಕ್ರ ಒಟ್ಟಿಗೆ ತಿರುಗಿ ಸೊನ್ನೆಗೆ ಬಂದು ನಿಂತವು.

ಅಯ್ಯೋ, ಎಲ್ಲಾ ಹೋಯಿತಲ್ಲ ಎಂದು ಪಳನಿಸಾಮಿಯವರು ಲೊಚಗುಟ್ಟಿದರು. ಅಂಗಮ್ಮ ಗಾಬರಿಯಾಗಿ ಅತ್ತೆಯ ಮುಖ ನೋಡಿದಳು.

ಬೆಳ್ಳಿಯಮ್ಮ ಸೊನ್ನೆಗಳನ್ನು ನೋಡುತ್ತ ಸೊಸೆಯ ಭುಜದ ಮೇಲೆ ಕೈಯಿಟ್ಟಳು.

“ಹೋಗ್ಲಿ ಬುಡು ಕಣ್ಣು,” ಎಂದಳು, ಹೆತ್ತ ಮಗಳನ್ನು ಕರೆದಂತೆ. “ಮೊದಲಿಂದ ಎಣಿಸಾಣ.”